ಇಳಿಯುವಾಗ ತಗೊಳ್ಳಿ

ಅಜ್ಜರಕಾಡಿನ ಆಸ್ಪತ್ರೆಯ ಉದ್ದ ಬೆಂಚಿನಲ್ಲಿ
ಗುಲಾಬಿ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದ್ದಾಳೆ,
ಮಡಚಿದ ಕೊಡೆಯ ಹಾಗೆ.
ಟೋಕನ್ ನಲವತ್ತೇಳು.
ನರದ ಡಾಕ್ಟರು ಕುಂದಾಪುರಕ್ಕೆ ಹೋಗಿದ್ದಾರಂತೆ.
ಬಂದರೆ ಇವತ್ತು, ಇಲ್ಲದಿದ್ದರೆ
ಬರುವ ತಿಂಗಳ ಎರಡನೇ ಬುಧವಾರ.

ಹತ್ತೊಂಬತ್ತು ವರ್ಷ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ಸಿನ
ಬಾಗಿಲಿಗೆ ಜೋತು ನಿಂತವ ನಾನು.
ಕಟಪಾಡಿ ಕಾಪು ಉಚ್ಚಿಲ ಪಡುಬಿದ್ರಿ ಮೂಲ್ಕಿ
ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ.
ಈಗ ಕಾಪು ಮುಟ್ಟುವಾಗ ಉಸಿರು ಮುಗಿಯುತ್ತದೆ.
ಪಡುಬಿದ್ರಿಯ 'ಪ'ಕ್ಕೆ ತುಟಿ ಕೂಡುವುದಿಲ್ಲ.

ಮೊದಲು ಹೋದದ್ದು ಬೆರಳು.
ನೋಟುಗಳನ್ನು ಉದ್ದಕ್ಕೆ ಮಡಚಿ ಸಂದಿಗೆ ಸಿಕ್ಕಿಸುವುದು,
ಹತ್ತಕ್ಕೊಂದು ಸಂದಿ, ಇಪ್ಪತ್ತಕ್ಕೊಂದು, ಐವತ್ತಕ್ಕೊಂದು.
ಒಂದು ದಿನ ಸುರತ್ಕಲ್ ಹತ್ತಿರ ಐವತ್ತು ಜಾರಿತು.
ಗಾಳಿಗೆ, ಅಂದೆ.
ಮರುದಿನವೂ ಗಾಳಿಗೆ ಅಂದೆ.
ಧಣಿ ಒಳ್ಳೆಯವರು,
ಮೂರು ತಿಂಗಳು ಗಾಳಿಯನ್ನು ನಂಬಿದರು.

ಕಳೆದ ನವೆಂಬರಿನಲ್ಲಿ ಮೊದಲ ಪರೀಕ್ಷೆ.
"ಅಂಗಿಯ ಗುಬ್ಬಿ ಹಾಕಿ, ನೋಡುವ" ಅಂದರು.
ಗುಲಾಬಿ ಇಸ್ತ್ರಿ ಹಾಕಿ ಕೊಟ್ಟ ಅಂಗಿ,
ಎದುರಿಗೆ ಮಗಳ ಪ್ರಾಯದ ಡಾಕ್ಟರು.
ನಾಚಿಕೆ ಆಯಿತು.
ಹಲ್ಲು ಕಚ್ಚಿ ಹಾಕಿದೆ. ಮೂರು ಗುಬ್ಬಿ.
"ಎಡಗೈ ಎತ್ತಲಿಕ್ಕೆ ಆಗ್ತದಾ?"
"ಆಗ್ತದೆ ಮೇಡಂ" ಅಂದೆ. ಎತ್ತಿದೆ ಕೂಡ.
ಆ ಒಂದು ಸಲಕ್ಕಾಗಿ ಎರಡು ದಿನ ಮಲಗಿದ್ದೆ ಅಂತ
ಅವರಿಗೆ ಹೇಗೆ ಗೊತ್ತು.
ಶೇಕಡಾ ಮೂವತ್ತೆಂಟು.
ನಲವತ್ತಾದರೆ ಪಿಂಚಣಿ.

ಬಸ್ಸು ಹತ್ತುವ ತನಕ ಗುಲಾಬಿ ಮಾತಾಡಲಿಲ್ಲ.
ಹತ್ತಿದ ಮೇಲೆ ಕೇಳಿದಳು:
"ನಿಮ್ಮದು ಎಂತ ಮರ್ಯಾದೆ?
ಒಂದು ಗುಬ್ಬಿಗೆ ಎಷ್ಟು ಪರ್ಸೆಂಟು ಹೋಯಿತು?"

ಎರಡು ಕಡಿಮೆ.
ಈ ಲೆಕ್ಕ ನನಗೆ ಗೊತ್ತಿಲ್ಲದ್ದಲ್ಲ.
ಹೆಜಮಾಡಿಯಲ್ಲಿ ಮೀನಿನ ಬುಟ್ಟಿಯ ಒಬ್ಬಳನ್ನು
ಎರಡು ರೂಪಾಯಿಗೆ ಇಳಿಸಿದವ ನಾನೇ.
ಸ್ಟೇಜ್ ಅಂದರೆ ಸ್ಟೇಜ್, ಅಂದಿದ್ದೆ.
ಅವಳು ಸೆರಗಿನ ಗಂಟು ಬಿಚ್ಚಿ ತೋರಿಸಿದಳು.
ನಾನು ಬೇರೆ ಕಡೆ ನೋಡಿ ವಿಸಿಲ್ ಊದಿದೆ.

ಮೇಲ್ಮನವಿ ಕೊಟ್ಟು ಏಳು ತಿಂಗಳು.
ಫೈಲು ಕೂತಲ್ಲೇ ಉಂಟು.
ಕಾಯಿಲೆ ಮಾತ್ರ ಎಕ್ಸ್‌ಪ್ರೆಸ್, ಎಲ್ಲಿಯೂ ನಿಲ್ಲಿಸುವುದಿಲ್ಲ.
ಗುಲಾಬಿ ಅನ್ನ ಕಲಸಿ ಬಾಯಿಗಿಡುವಾಗ
ಮನಸ್ಸಿನಲ್ಲೇ ಎಣಿಸುತ್ತೇನೆ, ಐವತ್ತು, ಅರವತ್ತು,
ಪಾಸಾಗುವಷ್ಟು ಬಂದಿರಬೇಕು.
ಮೊನ್ನೆ ಗಂಜಿ ಗಂಟಲಿಗೆ ಸಿಕ್ಕಿ ಕಣ್ಣು ಮೇಲಾದಾಗ
ಅವಳು ಬೆನ್ನು ತಟ್ಟಿ ತಟ್ಟಿ ಅತ್ತಳು.
ಆಮೇಲೆ ಮೂಗು ಒರೆಸಿಕೊಂಡು,
"ಇದನ್ನು ಬುಧವಾರ ಮರೆಯದೆ ಹೇಳಬೇಕು" ಅಂದಳು.

ಕೌಂಟರಿನ ಹುಡುಗ ಹೊರಗೆ ಬಂದ.
ಡಾಕ್ಟರು ಇವತ್ತಿಲ್ಲ.
ಟೋಕನ್ನಿನ ಹಿಂದೆ ಹೊಸ ತಾರೀಕು ಬರೆದ,
ಕೆಳಗೊಂದು ಗೀಟು, ಸಣ್ಣ ಸಹಿ.
ನನಗೆ ನಗು ಬಂತು.
ನನ್ನ ನಗು ಈಗ ಕೆಮ್ಮಿನ ಹಾಗೆ ಕೇಳುತ್ತದೆ,
ಗುಲಾಬಿ ನೀರಿನ ಬಾಟ್ಲಿ ತೆಗೆದಳು.

ನಾನೂ ಹೀಗೆಯೇ ಗೀಚಿ ಕೊಡುತ್ತಿದ್ದೆ ಟಿಕೇಟಿನ ಹಿಂದೆ:
ಬಾಕಿ ಏಳು. ಬಾಕಿ ಹದಿಮೂರು.
ಚಿಲ್ಲರೆ ಇಲ್ಲ, ಇಳಿಯುವಾಗ ತಗೊಳ್ಳಿ.
ರಶ್ಶಿನಲ್ಲಿ ಕೆಲವರು ಮರೆತು ಇಳಿದು ಹೋಗುತ್ತಿದ್ದರು.
ಕರೆಯಬಹುದಿತ್ತು.
ಕೆಲವರನ್ನು ಕರೆದದ್ದೂ ಉಂಟು.

"ಏಳಿ" ಅಂದಳು ಗುಲಾಬಿ, ಕಂಕುಳಿಗೆ ಕೈ ಕೊಟ್ಟು.
ಬೆಳಿಗ್ಗೆ ಬೇಕೆಂದೇ ಬಿಚ್ಚಿ ಬಿಟ್ಟ ಅಂಗಿಯ ಗುಬ್ಬಿಗಳನ್ನು
ಕೆಳಗಿನಿಂದ ಒಂದೊಂದಾಗಿ ಹಾಕಿದಳು.
ಬಸ್ಸಿಗೆ ಹೋಗಬೇಕಲ್ಲ.