ಕೇಳದ ಸದ್ದಿನ ಪಾಳಿ

ಕಮಠಾಣದ ದಾರಿಯಲ್ಲಿ, ಮುರುಮಿನ ದಿಬ್ಬದ ಮೇಲೆ
ಜೇಡನ ಕಾಲಿನಂತೆ ಬಿದ್ದಿವೆ ಎಂಟು ರಬ್ಬರು ಪೈಪು.
ನೀರಿಲ್ಲ ಒಳಗೆ. ಮೈತುಂಬ ಸೂಜಿತೂತು.
ಗಾಳಿಯ ಹರಟೆ ಸೋಸಿ
ನಡುವಿನ ಡಬ್ಬಿಗೆ ಗುಟ್ಟನ್ನಷ್ಟೇ ಇಳಿಸುತ್ತವೆ.

ಇಲಿ ಕಡಿದಲ್ಲಿ ಟೇಪು ಸುತ್ತುವುದು,
ಕುರಿ ಬಂದರೆ ಓಡಿಸುವುದು,
ರಾತ್ರಿ ಪರದೆಯ ಮೇಲಿನ ಗೆರೆ ಕಾಯುವುದು
ನನ್ನ ನೌಕರಿ.

"ಏನ್ ಕೇಳ್ತದ ಇದಕ್ಕ?" ಅಂದ ಅಪ್ಪ,
ಬುತ್ತಿ ತಂದವನು ಅಲ್ಲೇ ಕೂತು.
ಸಾಯಬಣ್ಣ ಒಡ್ಡರ: ನಲವತ್ತು ವರ್ಷ ಬಾವಿಗೆ ಮದ್ದಿಟ್ಟವನು.
ಬಲಗಿವಿ ಔರಾದದ ಬಾವಿಗೆ ಹೋಯಿತು,
ಎಡಗಿವಿ ಯಾವ ಬಾವಿಗೋ, ಅವನಿಗೂ ನೆನಪಿಲ್ಲ.
ಕೈಸನ್ನೆಯಲ್ಲಿ ಹೇಳಿದೆ: ಕಡಲಾಚೆ ಗುಡ್ಡ, ಬೆಂಕಿ,
ಅದು ಕೆಮ್ಮಿದರೆ ಇಲ್ಲಿಯ ತನಕ ಬರುವ ಅಲೆ.
ಒಂದೇ ಅಲೆ ದಾಟಲು ನಾಲ್ಕು ಉಸಿರಿನ ಹೊತ್ತು.
ನಾಯಿಗೂ ಕೇಳದು, ಬಾವಲಿಗೂ.
"ಹಂಗಾದ್ರ ಊರೆಲ್ಲಾ ನನ್ನಂಗೇ!"
ನಕ್ಕು, ರೊಟ್ಟಿ ಮುರಿದು, ಉಂಡು ಮಲಗಿದ.

ಎರಡೂ ಹತ್ತಕ್ಕೆ ಗೆರೆ ಬೆನ್ನು ಬಗ್ಗಿಸಿತು.
ಇಲಿ ಅಂದುಕೊಂಡೆ. ಟಾರ್ಚು ಹಿಡಿದು
ಎಂಟೂ ಪೈಪು ತಡವಿ ಬಂದೆ. ಇಲಿಯಲ್ಲ.
ಮತ್ತೆ ಬಗ್ಗಿತು, ಉದ್ದಕ್ಕೆ, ಸಾವಕಾಶ,
ನಿದ್ದೆಯಲ್ಲಿ ಎಮ್ಮೆ ಮಗ್ಗುಲು ಬದಲಿಸಿದಂತೆ.
ನಾಲ್ಕು ತಾಸಿನ ಹಿಂದೆ ಸಿಡಿದ ಗುಡ್ಡದ ಸದ್ದು
ಈಗಷ್ಟೇ ಬೀದರ ಮುಟ್ಟಿತ್ತು
ಪಡುವಣದಿಂದ, ಯಾರ ನಿದ್ದೆಯನ್ನೂ ಕೆಡಿಸದೆ.

ಫೋನಿನಲ್ಲಿ ಹೇಳುವುದು ಮೂರೇ ಮಾತು:
ದಿಕ್ಕು, ವೇಳೆ, ಜೋರು.
ಹೆಸರು ಕೇಳಿದರು. ದುರುಗಮ್ಮ, ಅಂದೆ, ಎರಡು ಸಲ.

ಕತ್ತಲಲ್ಲಿ ಬೂದಿಯೂ ಮೋಡದಂತೆಯೇ ಕಾಣುತ್ತದಂತೆ.
ಎಂಜಿನ್ನಿನೊಳಗೆ ಹೊಕ್ಕು ಕರಗಿ
ಗಾಜಾಗಿ ಕೂರುತ್ತದಂತೆ.
ಗಾಜು ಕಟ್ಟಿದ ಗಂಟಲಲ್ಲಿ ವಿಮಾನ ಹೇಗೆ ಉಸಿರಾಡೀತು?

ನಸುಕಿನಲ್ಲಿ ಒಂದು ದೀಪ ದಿನದ ದಾರಿ ಬಿಟ್ಟು
ತೆಂಕಲಿಗೆ ವಾಲಿ ಹೋಯಿತು.
ನನ್ನ ಮಾತಿಗೋ ಬೇರೆ ಯಾವುದಕ್ಕೋ, ಗೊತ್ತಿಲ್ಲ.
ಒಳಗೆ ಯಾರೋ ಚಹಾ ತಡವಾಯಿತೆಂದು ಗೊಣಗಿರಬಹುದು.

ಅಪ್ಪ ಎದ್ದ. ನೆಲಕ್ಕೆ ಅಂಗೈ ಊರಿ,
ಕಲ್ಲಿನ ನಾಡಿ ನೋಡುವ ಹಳೇ ಚಟ.
"ಮ್ಯಾಲ ಮೂವತ್ತು ಮೊಳ ಕೆಂಪು, ಕೆಳಗ ಬರೀ ಕರಿಕಲ್ಲು.
ಒಂದಾನೊಂದ ಕಾಲಕ್ಕ ಅದೂ ಬೆಂಕೀನೇ ಅಂತಿದ್ದ ಸರ್ವೇ ಸಾಹೇಬ.
ಅವತ್ತ ಯಾರು ಕೇಳಿದ್ರು, ದುರ್ಗೀ?"

ಸನ್ನೆಗೆ ಕೈ ಎತ್ತಿದೆ. ಏನು ಹೇಳಲಿ?
ಅಷ್ಟರಲ್ಲಿ ಮೂರನೇ ಪೈಪಿನ ಹತ್ತಿರ
ಕುರಿಗಳು.