ಸೊನ್ನೆಯಿಂದ ನೂರಕ್ಕೆ

ರಾತ್ರಿ ಹನ್ನೊಂದಾದ ಮೇಲೆ
ಸಿರುಗುಪ್ಪ ರಸ್ತೆಯ ಖಲಂದರ್ ಗ್ಯಾರೇಜಿನ ಶಟರ್
ಅರ್ಧಕ್ಕೆ ಇಳಿಯುತ್ತದೆ. ಉಳಿದರ್ಧದಲ್ಲಿ ಬಗ್ಗಿ
ಒಳಗೆ ಬಂದವರಿಗೆಲ್ಲ ಒಂದೊಂದು ದೇಶ.

ತಿಪ್ಪೇರುದ್ರನದು ಜರ್ಮನಿ.
ಅಲ್ಲೊಂದು ರಸ್ತೆ ಐತಂತೆ, ಮಿತಿಯೇ ಇಲ್ಲವಂತೆ,
ಇನ್ನೂರೈವತ್ತಕ್ಕೆ ಹೋದರೂ ಹಿಂದಿನವನು
ದಾರಿ ಬಿಡು ಎಂದು ದೀಪ ಮಿನುಗಿಸುತ್ತಾನಂತೆ.
ಅದಿರು ಲಾರಿಗೆ ತಾಡಪಲ್ ಕಟ್ಟುವ ಅವನ ಕೈ
ಗಾಳಿಯಲ್ಲೇ ಆರನೇ ಗೇರಿಗೆ ಹೋಗುತ್ತದೆ.
ಅಷ್ಟರಲ್ಲಿ ಚಹಾ ಬಂದು ಮೂರಕ್ಕಿಳಿಯುತ್ತದೆ.

ನನ್ನದು ಜಪಾನು. ಬೆಟ್ಟದ ತಿರುವುಗಳಲ್ಲಿ
ಹಿಂಗಾಲು ಜಾರಿಸಿ ಕುಣಿಯುವ ಕಾರುಗಳ ನಾಡು.
ಹಗಲೆಲ್ಲ ಜೀನ್ಸ್ ಬಟ್ಟೆ ಅರವತ್ತು ಪದರ ಹಾಸಿ
ಯಂತ್ರದ ಕತ್ತಿ ಹಿಡಿದು ತೊಡೆಯ ತಿರುವು ಕತ್ತರಿಸುವಾಗ
ನಾನು ಅಲ್ಲೇ ಇರುತ್ತೇನೆ.
ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು
ಗೊತ್ತು ನನಗೆ. ಒಂದು ಬೆರಳು ಮಾತ್ರ ಸ್ವಲ್ಪ ಗಿಡ್ಡ.

ಮೂವರ ನಡುವೆ ಇರುವುದು ಒಂದೇ ಗಾಡಿ:
ಪಾಲಿಯೋ, ಒಂದು ಪಾಯಿಂಟ್ ಆರು,
ಎರಡು ಸಾವಿರದ ಎರಡನೇ ಇಸವಿ.
ಬಾನೆಟ್ಟಿನ ಕೆಂಪು ಕಂಪನಿಯದೋ ನಮ್ಮೂರಿನದೋ
ಈಗ ಹೇಳಲಿಕ್ಕೆ ಬರುವುದಿಲ್ಲ.
ಸೀಟುಗಳಿಗೆ ನಾನೇ ಹೊಲಿದ ಜೀನ್ಸು,
ಹಳದಿ ನೂಲಿನ ಜೋಡಿ ಹೊಲಿಗೆ, ಹಿಂದೆ ಎರಡು ಜೇಬು.
"ಗಾಡಿಗೆ ಪ್ಯಾಂಟು ತೊಡಿಸೀಯಲ್ಲೋ"
ಅಂದಿದ್ದಳು ಖಲಂದರನ ಅಕ್ಕ ಮಾಬುನ್ನಿ.

ಹೊರಗಿನ ಕಾರು ತರಿಸಿದರೆ ಎಷ್ಟಾದೀತು ಎಂದು
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದೆವು ಒಮ್ಮೆ.
ಕಾರಿನ ಬೆಲೆ, ಅದರ ಮೇಲೆ ಸುಂಕ,
ಸುಂಕದ ಮೇಲೆ ಸೆಸ್ಸು, ಎಲ್ಲದರ ಮೇಲೆ ರಸ್ತೆ ತೆರಿಗೆ.
ಆ ರಸ್ತೆ ಮಾತ್ರ ಎಲ್ಲೂ ಇರಲಿಲ್ಲ ಲೆಕ್ಕದಲ್ಲಿ.
"ಕಾರು ಇಲ್ಲಿಗೆ ತರೋದಕ್ಕಿಂತ
ನಾವೇ ಕಾರಿನ ಹತ್ರ ಹೋಗೋದು ಅಗ್ಗ ನೋಡಪಾ"
ಎಂದ ತಿಪ್ಪೇರುದ್ರ. ಅಂದಿನಿಂದ ಶುರು, ಊರು ಬಿಡುವ ಮಾತು.

ಖಲಂದರ್ ಏನೂ ಹೇಳುವುದಿಲ್ಲ.
ಗಾಳಿ ಫಿಲ್ಟರ್ ಬಿಚ್ಚಿ ಟೈರಿಗೆ ಬಡಿಯುತ್ತಾನೆ,
ಅರ್ಧ ಸಂಡೂರು ಉದುರುತ್ತದೆ.
"ಈ ಗುಡ್ಡ ನಮಗಿಂತ ಮೊದ್ಲೇ ಫಾರಿನ್ನಿಗೆ ಹೋತು,
ವೀಸಾನೂ ಇಲ್ಲ, ಸುಡುಗಾಡೂ ಇಲ್ಲ.
ಹಡಗು ಹತ್ತಿ ಹೋಗಿ ಯಾವನ ಕಾರಿನ ಬಾಗಿಲಾಗೈತೋ"
ಅನ್ನುತ್ತಾನೆ ತಾಡಪಲ್ ಕಟ್ಟಿ ಕಳಿಸಿದವನು.
ನಾವು ನಗುತ್ತೇವೆ. ಖಲಂದರ್ ಇನ್ನೊಮ್ಮೆ ಬಡಿಯುತ್ತಾನೆ.

ನಮ್ಮಲ್ಲಿ ಹೋಗಿ ಬಂದವನು ಅವನೊಬ್ಬನೇ.
ಶಾರ್ಜಾದಲ್ಲಿ ಮೂರು ವರ್ಷ ಐದು ತಿಂಗಳು.
ಕೇಳಿದರೆ ಹೇಳುವುದಿಲ್ಲ; ಕೇಳದೆ ಇದ್ದ ಒಂದು ರಾತ್ರಿ
ಕರೆಂಟು ಹೋದಾಗ ಹೇಳಿದ:
"ಹತ್ತು ಸಿಲಿಂಡರಿನವು, ಹನ್ನೆರಡರವು, ಎಲ್ಲಾ ಮುಟ್ಟೀನಿ.
ತೊಳ್ಯೋ ಜಾಗದಿಂದ ಗೇಟಿನ ಮಟ ನಲವತ್ತು ಮೀಟರು.
ಮೊದಲ್ನೇ ಗೇರು. ಅಷ್ಟೇ.
ಗೇಟಿನಾಗೆ ಕೀ ಕೊಡಬೇಕು, ಇಳೀಬೇಕು.
ಆಮೇಲೆ ಅದರ ಸಪ್ಪಳ ದೂರ ಹೋಗೋದು ಕೇಳ್ಕೊಂತ ನಿಂದ್ರೋದು.
ಎರಡು, ಮೂರು, ನಾಕು..."
ಕತ್ತಲಲ್ಲಿ ಅವನು ಗೇರು ಎಣಿಸುತ್ತಿದ್ದ.
ಐದಕ್ಕೆ ಕರೆಂಟು ಬಂತು.

ಬೆಳಗಿನ ನಾಲ್ಕೂವರೆಗೆ ತೋರಣಗಲ್ಲು ರಸ್ತೆ.
ಲಾರಿಗಳ ಸಾಲು ಇನ್ನೂ ಬಿಚ್ಚಿಕೊಂಡಿರುವುದಿಲ್ಲ.
ಕುಡಿತಿನಿ ದಾಟಿದ ಮೇಲೆ ಒಂದು ತುಂಡು ಇದೆ,
ಎಲ್ಲಿ ಅಂತ ಹೇಳುವುದಿಲ್ಲ,
ಉಬ್ಬಿಲ್ಲ, ತಗ್ಗಿಲ್ಲ, ಒಂದು ನಿಮಿಷಕ್ಕೂ ಕಡಿಮೆ.
ಖಲಂದರ್ ಅಲ್ಲಿ ಐದಕ್ಕೆ ಹಾಕುತ್ತಾನೆ.
ಮುಳ್ಳು ನೂರಾ ಅರವತ್ತೆರಡು. ಸ್ಟೀರಿಂಗು ನಡುಗಿ
ಡ್ಯಾಶಿನ ಮೇಲೆ ಮರೆತ ನಟ್ಟೊಂದು ಕುಣಿಯುತ್ತದೆ.
ಯಾರೂ ಯಾವ ದೇಶದ ಹೆಸರನ್ನೂ ಎತ್ತುವುದಿಲ್ಲ.

ಆಮೇಲೆ ಉಬ್ಬು. ಯಾರು ಹಾಕಿದರೋ,
ಬಣ್ಣವಿಲ್ಲ, ಫಲಕವಿಲ್ಲ. ಎರಡನೇ ಗೇರು.
ದೂರದಲ್ಲಿ ಕಾರ್ಖಾನೆಯ ಬೆಂಕಿ,
ಹತ್ತಿರದಲ್ಲಿ ಹೋಟೆಲಿನವನ ಎಣ್ಣೆ ಕಾಯುತ್ತಿದೆ.
ಒಗ್ಗರಣಿ-ಮಿರ್ಚಿ ತಟ್ಟೆಯ ಮುಂದೆ
ತಿಪ್ಪೇರುದ್ರ ಮತ್ತೆ ಶುರು ಮಾಡುತ್ತಾನೆ: "ಜರ್ಮನಿಯಾಗೆ..."

ಅವನ ಪಾಸ್‌ಪೋರ್ಟು ಸೀಟಿನ ಹಿಂಜೇಬಿನಲ್ಲೇ ಇದೆ,
ಟೋಲ್ ಚೀಟಿಗಳ ಜೊತೆ, ಹಳೇ ಪ್ಲಗ್ಗು ಸುತ್ತಿದ ಬಟ್ಟೆಯ ಜೊತೆ.
ಎಲ್ಲಾ ಪುಟ ಖಾಲಿ. ಒಂದರಲ್ಲಿ ಮಾತ್ರ
ಗ್ರೀಸಿನ ಹೆಬ್ಬೆಟ್ಟು. ಯಾರದು ಎಂದು ಕೇಳಿದರೆ
ಮೂವರೂ ಕೈ ಒರೆಸಿಕೊಳ್ಳುತ್ತೇವೆ.