ನಡುವಿನ ಮನಿ

ನಮ್ಮ ತಾಲೂಕಿಗೆ ಇನ್ನೂ ವಯಸ್ಸು ಸಾಲದು.
ಗುಳೇದಗುಡ್ಡದ ಹಳೇ ಅಂಕಿ ಎಲ್ಲಾ
ಬಾದಾಮಿಯ ಕಪಾಟಿನಾಗ, ಬಾದಾಮಿಯ ಹೆಸರಿನ್ಯಾಗ.
ಹಿಂಗಾಗಿ ಸಾಹೇಬರು ಅರವತ್ತೊಂದು ಮನಿ ಚೀಟಿ ಎತ್ತಿ
ನನ್ನ ಕೈಯಾಗಿಟ್ಟು ಅಂದ್ರು:
"ಸರಾಸರಿ ಬ್ಯಾಡವಾ. ಒಬ್ಬ ಕ್ವಾರಿ ಮಾಲಕ ಒಳಗ ಬಂದ್ರ ಸಾಕು,
ಮಗ್ಗದ ಕುಣಿಯಾಗ ಕಾಲಿಟ್ಟು ಕುಂತವರೆಲ್ಲಾ
ಕಾಗದದ ಮ್ಯಾಲೆ ಸಾಹುಕಾರರಾಗ್ತಾರ.
ಸಾಲ್ಯಾಗ ಪ್ರಾರ್ಥನಾಕ್ಕ ನಿಂದ್ರಿಸಿಧಂಗ ನಿಂದ್ರಿಸು,
ಗಿಡ್ಡರಿಂದ ಎತ್ತರದವರ ಮಟ.
ನಟ್ಟನಡುವ ಯಾರು ನಿಂತಾರ, ಅವರ ಗಳಿಕಿ ಹೇಳು.
ಅದು ತಾಲೂಕು."

"ತಿಂಗಳಿಗೆ ಎಷ್ಟು ಬರ್ತೈತ್ರಿ?"
"ಬರೂದು ಕೇಳ್ತಿಯೋ, ನಿಲ್ಲೂದು ಕೇಳ್ತಿಯೋ?"
ಗುರುಬಸವ್ವ ರಾಜನಾಳ ಲಾಳಿ ನಿಲ್ಲಿಸಲಿಲ್ಲ.
ಆಕಿಗೆ ತಿಂಗಳು ಅಂದ್ರ ರೂಪಾಯಿ ಅಲ್ಲ, ಖಣ.
ರೇಷ್ಮಿ ಬಂದ ವಾರ ಇಷ್ಟು, ಬರದ ವಾರ ಇಷ್ಟು,
ಮೊಮ್ಮಗನ ಜ್ವರದಾಗ ಒಂದು ಅರ್ಧಾ.
ನಾನು ಗುಣಿಸಿದೆ, ಆಕಿ ಸೊಸಿ ತಿದ್ದಿದಳು:
ಹದಿನಾಲ್ಕು ಸಾವಿರದ ಐನೂರು.

ಬಳಿಗೇರ ಅಣ್ಣತಮ್ಮರದು ಮುಂಜಾನಿ ಒಂದೇ ಒಲಿ, ರಾತ್ರಿ ಎರಡು.
ಸುತ್ತೋಲಿ ಹೇಳತೈತಿ: ಒಂದು ಒಲಿ, ಒಂದು ಕುಟುಂಬ.
"ಜಗಳಾ ಹರದ ಮ್ಯಾಲೆ ಬಾ ತಂಗಿ" ಅಂದ ತಮ್ಮ.

ಕ್ವಾರಿಯವರ ಅಂಗಳದಾಗ ನಾಯಿ ಎರಡು, ಗಾಡಿ ಮೂರು.
"ಹನ್ನೆರಡು ಸಾವಿರ ಬರಕೋ."
ಬರಕೊಂಡೆ.

ಹುಚ್ಚೇಶನ ಅವ್ವ "ಹನ್ನೊಂ..." ಅಂದಾಕಿ
ಪಡಸಾಲಿ ಕಡೆ ಹೊಳ್ಳಿ ನೋಡಿದಳು.
ಅಲ್ಲಿ ಹೆಣ್ಣಿನ ಕಡಿಯವರು ಬಸಿಯಾಗ ಚಹಾ ಸುರಕೊಂಡು ಕುಂತಿದ್ರು.
"ನಲವತ್ತು ಸಾವಿರ!" ಅಂದ್ಲು, ಓಣಿಗೆಲ್ಲಾ ಕೇಳುವಂಗ.
ಅದನ್ನೂ ಬರಕೊಂಡೆ.

ಮಾಬೂಬಿ ನದಾಫಳ ಹುಬ್ಬು ಅರಳಿ ಧೂಳಿಗೆ ಬೆಳ್ಳಗಾಗಿತ್ತು.
"ಲಗ್ನದ ತಿಂಗಳು, ಮಳಿಗಾಲದ ಸೊನ್ನಿ, ಎಲ್ಲಾ ಕೂಡಿಸಿ
ಹನ್ನೆರಡರಿಂದ ಭಾಗಿಸೇನಿ, ನೀ ಭಾಗಿಸಬ್ಯಾಡ:
ಹದಿನಾಲ್ಕು ಸಾವಿರದ ಎರಡನೂರು.
ನಾವು ಮ್ಯಾಲಿನವರೋ, ಕೆಳಗಿನವರೋ?"
"ಇನ್ನೂ ಗೊತ್ತಿಲ್ಲವಾ."

ಅರವತ್ತೊಂದು ಮನಿ ತಾಲೂಕಿಗೆ ಸಾಲೂದಿಲ್ಲ.
ಹಾಲು ನಮ್ಮದಿದ್ರೂ ಹೆಪ್ಪಿಗೆ ನೆರಮನಿಗೆ ಹೋಗಬೇಕು.
ಬಾದಾಮಿಯಿಂದ ಒಂದು ಚಮಚ, ಹುನಗುಂದದಿಂದ ಒಂದು,
ಮೀಟರಿನ ಯುನಿಟ್ಟು, ಮಗ್ಗದ ಎಣಿಕಿ.
ಮೊಸರು ಯಾರದು ಅಂತ ಯಾರೂ ಕೇಳಂಗಿಲ್ಲ.
ಕೇಳಿದ್ರ, ಖಣಕ್ಕ ಹಚ್ಚಿಧಂಗ ಎರಡೂ ಕಡೆ ಅಂಚು ಹಚ್ಚಿ ಕೊಡತೇವಿ:
ಎರಡು ಸಾವಿರ ಹೆಚ್ಚು, ಎರಡು ಸಾವಿರ ಕಡಿಮಿ.

ಅದು ಬೆಳಗಾವಿಯ ಕಂಪ್ಯೂಟರಿನ ಕೆಲಸ.
ನನ್ನದು ರಾತ್ರಿ ನೆಲದ ಮ್ಯಾಲಿನದು.
ಫ್ಯಾನ್ ಬಂದ್ ಮಾಡಿ ಕಾಗದ ಹಾಸಿದೆ,
ಗೋಡಿಯಿಂದ ಹೊಸ್ತಿಲ ಮಟ, ಹೊಸ್ತಿಲು ದಾಟಿ ಕಟ್ಟೀ ಮ್ಯಾಲೆ.
ಮೂವತ್ತು ಆಕಡಿ, ಮೂವತ್ತು ಈಕಡಿ.
ನಡುವಿನದರ ಮೂಲ್ಯಾಗ ಒಂದು ಅರಳಿ ಎಳಿ ಅಂಟಿತ್ತು.

ಕೈ ಸುಮ್ಮನಿರಲಿಲ್ಲ.
ಕ್ವಾರಿಯವನ ಕಾಗದ ಎತ್ತಿ ಅವನ ಖರೇ ಜಾಗಾಕ್ಕ,
ಕಟ್ಟೀ ತುದಿಗೆ, ಇಟ್ಟು ನೋಡಿದೆ.
ನಡು ಒಂದು ಹೆಜ್ಜಿ ಸರದು ಗುರುಬಸವ್ವನ ಮ್ಯಾಲೆ ನಿಂತಿತು,
ಮುನ್ನೂರು ರೂಪಾಯಿ ಜಾಸ್ತಿ.
ಹುಚ್ಚೇಶನ ಅವ್ವನ ಕಾಗದ ಹನ್ನೊಂದರ ಕಡೆ ತಂದೆ.
ನಡು ಹೊಳ್ಳಿ ಬಂದು ಅದೇ ಅರಳಿ ಎಳಿ ಮ್ಯಾಲೆ ಕುಂತಿತು.
ಅಂವ ಮುಚ್ಚಿದ್ದ, ಈಕಿ ಉಬ್ಬಿಸಿದ್ಲು,
ಇಬ್ಬರೂ ಕೂಡಿ ಏನೂ ಕೆಡಸಿರಲಿಲ್ಲ.
ಒಬ್ಬಾಕಿನ ನಕ್ಕೆ.
ಆಮ್ಯಾಲೆ ಎರಡೂ ಕಾಗದ ಅವರು ಹೇಳಿದ ಜಾಗಾಕ್ಕೇ ಇಟ್ಟೆ.

ಮರುದಿನ ಮಾಬೂಬಿಯ ಬಾಗಲಿಗೆ ನಿಂತೆ.
ಹೆಸರು ಹೇಳಂಗಿಲ್ಲ, ನಿಯಮ ಐತಿ.
"ಬಂತೇನವಾ ನಮ್ಮ ಲೆಕ್ಕ? ಮ್ಯಾಲೋ, ಕೆಳಗೋ?"
ತಲಿದಿಂಬು ಮುಂದ ಮಾಡಿದೆ:
"ಇದರ ಅರಳಿ ಗಂಟುಗಟ್ಟೇತಿ, ಹಿಂಜಿ ಕೊಡು."
ಒತ್ತಿ ನೋಡಿದಳು, ಮೂಸಿ ನೋಡಿದಳು.
"ನೂರಾ ಐವತ್ತು. ನಿನಗ ಅಂತ ನೂರಾ ಇಪ್ಪತ್ತು."
ಆ ಮೂವತ್ತು ರೂಪಾಯಿ
ನಾನು ಎಲ್ಲೂ ಬರಕೊಳ್ಳಲಿಲ್ಲ.